ಮನೆಯ ಸೆಪ್ಟಿಕ್ ಟ್ಯಾಂಕ್: ಕಟ್ಟುವ ಕ್ರಮ ಮತ್ತು ನಿರ್ವಹಣೆ

ಒಳಚರಂಡಿ ಇಲ್ಲದ ಊರುಗಳಲ್ಲಿ ಹೊಸ ಮನೆ ಕಟ್ಟುವವರೆಲ್ಲ ಸೆಪ್ಟಿಕ್ ಟ್ಯಾಂಕ್ ಕಟ್ಟಿಸುತ್ತಾರೆ. ಆದರೆ ಅಡುಗೆಮನೆಗೆ, ದೇವರ ಕೋಣೆಗೆ, ನೆಲದ ಕಲ್ಲಿಗೆ ಕೊಡುವ ಗಮನ ಇದಕ್ಕೆ ಸಿಗುವುದು ಕಡಿಮೆ. ಮೇಸ್ತ್ರಿ ಹೇಳಿದ ಅಳತೆಗೆ ಒಂದು ಗುಂಡಿ, ಮೇಲೊಂದು ಚಪ್ಪಡಿ. ಅಲ್ಲಿಗೆ ಕೆಲಸ ಮುಗಿಯಿತು. "ನಮ್ಮ ಟ್ಯಾಂಕ್ ಇಪ್ಪತ್ತು ವರ್ಷವಾದರೂ ತುಂಬಿಲ್ಲ" ಎಂದು ಹೆಮ್ಮೆಯಿಂದ ಹೇಳುವವರೂ ಇದ್ದಾರೆ. ವಾಸ್ತವವಾಗಿ ಅದು ಚಿಂತೆ ಮಾಡಬೇಕಾದ ಮಾತು. ಸರಿಯಾಗಿ ಕಟ್ಟಿದ ಟ್ಯಾಂಕಿನಲ್ಲಿ ಕೆಲವೇ ವರ್ಷಗಳಲ್ಲಿ ಹೂಳು ಸೇರಲೇಬೇಕು. ಸೇರಿಲ್ಲವೆಂದರೆ ಹೊಲಸು ಎಲ್ಲಿಗೋ ಹೋಗುತ್ತಿದೆ. ಬಹಳ ಕಡೆ ಅದು ಹೋಗುವುದು ಅಂತರ್ಜಲಕ್ಕೆ, ಅಲ್ಲಿಂದ ನಮ್ಮದೇ ಬಾವಿಗೆ.

ಟ್ಯಾಂಕಿನೊಳಗೆ ಏನಾಗುತ್ತದೆ?

ಶೌಚಾಲಯದಿಂದ ಬಂದ ನೀರು ಟ್ಯಾಂಕಿನಲ್ಲಿ ಒಂದೆರಡು ದಿನ ಅಲುಗಾಡದೆ ನಿಲ್ಲುತ್ತದೆ. ಭಾರವಾದದ್ದು ತಳಕ್ಕೆ ಇಳಿದು ಹೂಳಾಗುತ್ತದೆ, ಎಣ್ಣೆ ಜಿಡ್ಡಿನಂಥ ಹಗುರವಾದದ್ದು ಕೆನೆಯಂತೆ ಮೇಲೆ ತೇಲುತ್ತದೆ. ಗಾಳಿಯಿಲ್ಲದ ಕಡೆ ಬದುಕುವ ಬ್ಯಾಕ್ಟೀರಿಯಾಗಳು ಹೂಳನ್ನು ಕೊಳೆಯಿಸಿ ಅದರ ಪ್ರಮಾಣ ತಗ್ಗಿಸುತ್ತವೆ, ಪೂರ್ತಿ ಇಲ್ಲವಾಗಿಸುವುದಿಲ್ಲ. ನಡುವಿನ ತಿಳಿನೀರು ಮಾತ್ರ ಹೊರಹೋಗುವ ಪೈಪಿನಿಂದ ಇಂಗುಗುಂಡಿಗೆ ಹರಿಯುತ್ತದೆ. ಈ ತಿಳಿನೀರು ಶುದ್ಧವಲ್ಲ, ಅದರಲ್ಲಿ ರೋಗಾಣುಗಳು ಇದ್ದೇ ಇರುತ್ತವೆ. ಅವನ್ನು ತಡೆಯುವ ಕೆಲಸ ಇಂಗುಗುಂಡಿಯ ಸುತ್ತಲಿನ ಮಣ್ಣಿನದು. ಆದ್ದರಿಂದ ಟ್ಯಾಂಕಿನ ನೀರನ್ನು ರಸ್ತೆ ಬದಿಯ ಚರಂಡಿಗೆ ಬಿಡುವುದು ತಪ್ಪು.

ಅಳತೆ ಎಷ್ಟಿರಬೇಕು?

ಭಾರತೀಯ ಮಾನಕ ಸಂಸ್ಥೆಯ ಐಎಸ್ 2470 ಮಾನದಂಡದ ಪ್ರಕಾರ ಎರಡು ವರ್ಷಕ್ಕೊಮ್ಮೆ ಹೂಳು ತೆಗೆಸುವುದಾದರೆ ಒಳ ಅಳತೆ ಹೀಗಿರಬೇಕು:

5 ಜನರಿಗೆ: ಉದ್ದ 1.5 ಮೀಟರ್, ಅಗಲ 0.75 ಮೀಟರ್, ನೀರಿನ ಆಳ 1 ಮೀಟರ್.

10 ಜನರಿಗೆ: ಉದ್ದ 2 ಮೀಟರ್, ಅಗಲ 0.9 ಮೀಟರ್, ನೀರಿನ ಆಳ 1 ಮೀಟರ್.

ನೀರಿನ ಮಟ್ಟದಿಂದ ಮೇಲಿನ ಚಪ್ಪಡಿಯವರೆಗೆ ಇನ್ನೂ 30 ಸೆಂಟಿಮೀಟರ್ ಖಾಲಿ ಜಾಗ ಬೇಕು. ಜನರ ಲೆಕ್ಕ ಹಾಕುವಾಗ ಈಗ ಮನೆಯಲ್ಲಿರುವವರ ಜೊತೆಗೆ ಮುಂದೆ ಬರುವ ಸೊಸೆ, ಮೊಮ್ಮಕ್ಕಳನ್ನೂ ಸೇರಿಸಿಕೊಳ್ಳಿ. ಹಬ್ಬಕ್ಕೆ ಎರಡು ದಿನ ನೆಂಟರು ಬಂದು ಹೋಗುವುದರಿಂದ ತೊಂದರೆಯಿಲ್ಲ. ಹಾಗೆಂದು ಅಳತೆಗೆ ಮೀರಿ ದೊಡ್ಡದು ಕಟ್ಟಿ, ಜೀವಮಾನದಲ್ಲಿ ಹೂಳು ತೆಗೆಸುವುದೇ ಬೇಡ ಎಂದುಕೊಳ್ಳುವುದೂ ಸರಿಯಲ್ಲ. ವರ್ಷಗಟ್ಟಲೆ ಗಟ್ಟಿಯಾದ ಹೂಳನ್ನು ಯಂತ್ರದಿಂದ ಎಳೆಯುವುದೇ ಕಷ್ಟವಾಗುತ್ತದೆ.

ಕಟ್ಟಿಸುವಾಗ ನಿಂತು ನೋಡಬೇಕಾದವು

ತಳಕ್ಕೆ ಕಾಂಕ್ರೀಟ್ ಇರಲೇಬೇಕು. ಒಳಗೋಡೆಗೆ ಸಿಮೆಂಟ್ ಗಾರೆ ಬಿದ್ದು ಒಂದು ಹನಿಯೂ ಸೋರಬಾರದು. ಸಿಮೆಂಟ್ ರಿಂಗ್ ಇಳಿಸಿ ತಳ ಹಾಗೇ ಬಿಟ್ಟ ಗುಂಡಿಗೆ ಸೆಪ್ಟಿಕ್ ಟ್ಯಾಂಕ್ ಎಂಬ ಹೆಸರು ಸಲ್ಲದು. ಚಪ್ಪಡಿ ಮುಚ್ಚುವ ಮೊದಲು ಟ್ಯಾಂಕಿಗೆ ನೀರು ತುಂಬಿಸಿ, ಗೋಡೆಯ ಮೇಲೆ ಗುರುತು ಹಾಕಿ, ಮರುದಿನ ನೋಡಿ. ಮಟ್ಟ ಇಳಿದಿದ್ದರೆ ಸೋರಿಕೆ ಇದೆ ಎಂದರ್ಥ. ಮೇಸ್ತ್ರಿ ಲೆಕ್ಕ ಚುಕ್ತಾ ಮಾಡುವ ಮೊದಲೇ ಸರಿಪಡಿಸಿಕೊಳ್ಳಬೇಕು.

ನೀರು ಒಳಬರುವ ಮತ್ತು ಹೊರಹೋಗುವ ಎರಡೂ ಕಡೆ ಟೀ ಆಕಾರದ ಪೈಪ್ ಇರಬೇಕು, ಅದರ ಕೆಳತುದಿ ನೀರಿನೊಳಗೆ ಮುಳುಗಿರಬೇಕು. ಇಲ್ಲದಿದ್ದರೆ ಮೇಲಿನ ಕೆನೆ ನೇರ ಇಂಗುಗುಂಡಿಗೆ ಹೋಗಿ ಅದರ ರಂಧ್ರಗಳು ಕಟ್ಟಿಕೊಳ್ಳುತ್ತವೆ. ಹೊರಹೋಗುವ ಪೈಪ್ ಒಳಬರುವ ಪೈಪಿಗಿಂತ ಸುಮಾರು ಎರಡು ಅಂಗುಲ ಕೆಳಗಿರಲಿ. ಗಾಳಿ ಪೈಪನ್ನು ಮನೆಯ ಸೂರಿಗಿಂತ ಎತ್ತರಕ್ಕೆ ಒಯ್ದು ಬಾಯಿಗೆ ಸೊಳ್ಳೆಪರದೆಯ ಜಾಲರಿ ಕಟ್ಟಿಸಿ. ಮುಚ್ಚಳವನ್ನು ಟೈಲ್ಸ್ ಅಡಿಯಲ್ಲಿ ಹೂತುಬಿಡಬೇಡಿ.

ಸ್ನಾನದ ಮತ್ತು ಬಟ್ಟೆ ಒಗೆದ ನೀರನ್ನು ಪ್ರತ್ಯೇಕ ಇಂಗುಗುಂಡಿಗೋ ಬಾಳೆ, ತೆಂಗಿನ ಬುಡಕ್ಕೋ ಬಿಟ್ಟರೆ ಟ್ಯಾಂಕಿನ ಭಾರ ಕಡಿಮೆಯಾಗುತ್ತದೆ. ಮಳೆನೀರಂತೂ ಟ್ಯಾಂಕಿಗೆ ಸೇರಲೇಬಾರದು.

ಬಾವಿಯಿಂದ ಎಷ್ಟು ದೂರ?

ಇಂಗುಗುಂಡಿ ಕುಡಿಯುವ ನೀರಿನ ಬಾವಿ, ಬೋರ್‌ವೆಲ್‌ನಿಂದ ಕನಿಷ್ಠ 18 ಮೀಟರ್ (ಸುಮಾರು 60 ಅಡಿ), ವಾಸದ ಮನೆಯಿಂದ ಕನಿಷ್ಠ 6 ಮೀಟರ್ ದೂರ ಇರಬೇಕೆಂದು ಮಾನದಂಡ ಹೇಳುತ್ತದೆ. ಈ ದೂರ ಅಳೆಯುವಾಗ ಪಕ್ಕದ ಮನೆಯವರ ಬಾವಿಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಿ. ಜೀವಿಗಳಿಗೆ ಬಾಧೆಯಾಗದ ಜಾಗ ನೋಡಿಯೇ ಮಲಮೂತ್ರ ವಿಸರ್ಜಿಸಬೇಕೆಂಬ ಉತ್ಸರ್ಗ ಸಮಿತಿ ಮುನಿಗಳಿಗೆ ವಿಧಿಸಿದ್ದಾದರೂ, ಅದರ ಹಿಂದಿನ ಕಾಳಜಿ ಗೃಹಸ್ಥರಿಗೂ ಅನ್ವಯಿಸುವಂಥದ್ದು.

ಮಣ್ಣನ್ನೂ ನೋಡಬೇಕು. ಕರಾವಳಿ, ಮಲೆನಾಡಿನ ಮುರಕಲ್ಲು ನೆಲದಲ್ಲಿ ನೀರು ಬೇಗ ಇಂಗುತ್ತದೆ, ಮಳೆಗಾಲದಲ್ಲಿ ಅಂತರ್ಜಲವೂ ಮೇಲೆ ಬರುತ್ತದೆ. ಅಲ್ಲಿ 60 ಅಡಿಗಿಂತ ಹೆಚ್ಚು ದೂರ ಬಿಟ್ಟಷ್ಟೂ ಒಳ್ಳೆಯದು. ಇಂಗುಗುಂಡಿ ಆಳಕ್ಕೆ ಹೋಗಬಾರದು. ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಎರೆಮಣ್ಣು ಒದ್ದೆಯಾದಾಗ ಉಬ್ಬಿ ನೀರು ಹೀರುವುದನ್ನೇ ನಿಲ್ಲಿಸುತ್ತದೆ. ಅಂಥಲ್ಲಿ ಟ್ಯಾಂಕಿನ ನಂತರ ಜಲ್ಲಿ ತುಂಬಿದ ಫಿಲ್ಟರ್ ತೊಟ್ಟಿ ಕಟ್ಟಿಸುವ ಬಗ್ಗೆ ಎಂಜಿನಿಯರ್ ಸಲಹೆ ಪಡೆಯಿರಿ.

ದಿನನಿತ್ಯದ ಎಚ್ಚರ

ಸ್ಯಾನಿಟರಿ ಪ್ಯಾಡ್, ಡಯಾಪರ್, ಪ್ಲಾಸ್ಟಿಕ್, ಕೂದಲು, ಬಟ್ಟೆ ಚೂರು ಕಮೋಡಿಗೆ ಬೀಳಬಾರದು. ಆಸಿಡ್, ಬ್ಲೀಚಿಂಗ್ ಪುಡಿ ಹೆಚ್ಚು ಸುರಿದರೆ ಹೂಳು ಕೊಳೆಯಿಸುವ ಬ್ಯಾಕ್ಟೀರಿಯಾಗಳು ಸಾಯುತ್ತವೆ. ಹೂಳು ಕರಗಿಸುತ್ತದೆಂದು ಮಾರುವ ಪುಡಿಗಳ ಅಗತ್ಯವಿಲ್ಲ, ಬೇಕಾದ ಬ್ಯಾಕ್ಟೀರಿಯಾ ಮಲದಲ್ಲೇ ಇರುತ್ತದೆ. ಟ್ಯಾಂಕಿನ ಮೇಲೆ ವಾಹನ ನಿಲ್ಲಿಸಬೇಡಿ, ಹತ್ತಿರ ದೊಡ್ಡ ಬೇರಿನ ಮರ ನೆಡಬೇಡಿ. ಕಮೋಡಿನಲ್ಲಿ ನೀರು ನಿಧಾನ ಇಳಿಯುವುದು, ಇಂಗುಗುಂಡಿಯ ಸುತ್ತ ನೆಲ ಜೌಗಾಗುವುದು, ಬಾವಿ ನೀರಿಗೆ ವಾಸನೆ ಬರುವುದು ತೊಂದರೆಯ ಸೂಚನೆಗಳು.

ಹೂಳು ತೆಗೆಸುವುದು

ಹೂಳು ಮತ್ತು ಕೆನೆ ಸೇರಿ ಟ್ಯಾಂಕಿನ ಅರ್ಧ ಆಳ ದಾಟುವ ಮೊದಲೇ, ಸಾಮಾನ್ಯವಾಗಿ ಎರಡು ಮೂರು ವರ್ಷಕ್ಕೊಮ್ಮೆ, ಹೂಳು ತೆಗೆಸಬೇಕು. ಮಳೆಗಾಲದ ನಡುವೆ ಬೇಡ. ನೀರು ತುಂಬಿದ ನೆಲದಲ್ಲಿ ಖಾಲಿ ಟ್ಯಾಂಕ್ ಮೇಲೇಳುವ ಅಪಾಯವಿದೆ. ತಳದಲ್ಲಿ ಸ್ವಲ್ಪ ಹೂಳು ಉಳಿಸಿದರೆ ಬ್ಯಾಕ್ಟೀರಿಯಾಗಳು ಬೇಗ ಮರಳಿ ಬೆಳೆಯುತ್ತವೆ.

ಈ ಕೆಲಸಕ್ಕೆ ಸಕ್ಕಿಂಗ್ ಯಂತ್ರದ ಗಾಡಿಯನ್ನೇ ಕರೆಸಿ. ಗ್ರಾಮ ಪಂಚಾಯಿತಿ ಅಥವಾ ಪುರಸಭೆಯಲ್ಲಿ ವಿಚಾರಿಸಬಹುದು. ನಗರ ಪ್ರದೇಶಗಳಿಗಾಗಿ 14420 ಸಹಾಯವಾಣಿ ಇದೆ. ತೆಗೆದ ಹೂಳನ್ನು ಎಲ್ಲಿಗೆ ಒಯ್ಯುತ್ತೀರಿ ಎಂದು ಗಾಡಿಯವರನ್ನು ಕೇಳಿ. ಕೆರೆಗೋ ಹಳ್ಳಕ್ಕೋ ಸುರಿಯುವವರಿಗೆ ಕೆಲಸ ಕೊಡಬೇಡಿ. ದೇವನಹಳ್ಳಿಯಲ್ಲಿ 2015ರಿಂದ ಇರುವಂಥ ಮಲತ್ಯಾಜ್ಯ ಸಂಸ್ಕರಣಾ ಘಟಕಕ್ಕೆ ಅದು ಹೋಗಬೇಕು.

ಯಾರನ್ನೂ ಒಳಗಿಳಿಸಬೇಡಿ

ಟ್ಯಾಂಕಿನಲ್ಲಿ ಮೀಥೇನ್, ಹೈಡ್ರೋಜನ್ ಸಲ್ಫೈಡ್ ಅನಿಲಗಳು ತುಂಬಿರುತ್ತವೆ, ಉಸಿರಾಡಲು ಆಮ್ಲಜನಕ ಇರುವುದಿಲ್ಲ. ಹೈಡ್ರೋಜನ್ ಸಲ್ಫೈಡ್ ಹೆಚ್ಚಾದಾಗ ಮೂಗಿಗೆ ವಾಸನೆಯೇ ತಿಳಿಯುವುದಿಲ್ಲ. ಹಾಗಾಗಿ "ವಾಸನೆ ಇಲ್ಲ, ಇಳಿಯಬಹುದು" ಎಂಬ ಅಂದಾಜು ಜೀವ ತೆಗೆಯುತ್ತದೆ. ಒಬ್ಬರು ಬಿದ್ದರೆಂದು ಇನ್ನೊಬ್ಬರು ಇಳಿದು ಇಬ್ಬರೂ ಸತ್ತ ಘಟನೆಗಳು ಮತ್ತೆ ಮತ್ತೆ ನಡೆದಿವೆ. ಅಂಥ ಸಂದರ್ಭದಲ್ಲಿ ಇಳಿಯದೆ 112ಕ್ಕೆ ಕರೆ ಮಾಡಿ. ತೆರೆದ ಮುಚ್ಚಳದ ಬಳಿ ಬೆಂಕಿ ಕಡ್ಡಿ ಗೀರಬೇಡಿ, ಮಕ್ಕಳನ್ನು ಬಿಡಬೇಡಿ.

2013ರ ಮ್ಯಾನ್ಯುಯಲ್ ಸ್ಕ್ಯಾವೆಂಜರ್‌ಗಳ ನೇಮಕಾತಿ ನಿಷೇಧ ಕಾಯ್ದೆಯ ಪ್ರಕಾರ ರಕ್ಷಣಾ ಸಾಧನಗಳಿಲ್ಲದೆ ಯಾರನ್ನಾದರೂ ಸೆಪ್ಟಿಕ್ ಟ್ಯಾಂಕಿಗೆ ಇಳಿಸುವುದು ಅಪರಾಧ. ನೇರವಾಗಿ ಇಳಿಸಿದರೂ ಗುತ್ತಿಗೆದಾರರ ಮೂಲಕ ಇಳಿಸಿದರೂ ಒಂದೇ. ಮೊದಲ ಸಲ ಎರಡು ವರ್ಷದವರೆಗೆ ಜೈಲು ಅಥವಾ 2 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ ಆಗಬಹುದು. ಕಾಯ್ದೆಯ ಭಯಕ್ಕಿಂತ ದೊಡ್ಡ ಮಾತೂ ಇದೆ: ಕೆಲವು ನೂರು ರೂಪಾಯಿ ಉಳಿಸಲು ಇನ್ನೊಬ್ಬರ ಪ್ರಾಣವನ್ನು ಒಡ್ಡುವುದು ಯಾವ ಮನೆಗೂ ಶೋಭೆಯಲ್ಲ.

ಮನೆ ಕಟ್ಟುವವರು ಟ್ಯಾಂಕಿನ ಮುಚ್ಚಳದವರೆಗೆ ಗಾಡಿಯ ಪೈಪ್ ತಲುಪುವಂತೆ ನಕ್ಷೆಯಲ್ಲೇ ದಾರಿ ಬಿಡಿ. ಈಗಾಗಲೇ ಮನೆ ಇರುವವರು ಕೊನೆಯ ಸಲ ಹೂಳು ತೆಗೆಸಿದ್ದು ಯಾವಾಗ ಎಂದು ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ಈ ಬೇಸಿಗೆಯಲ್ಲೇ ಮುಚ್ಚಳ ತೆರೆಸಿ ನೋಡಿಸಿ, ಬಾವಿಯ ನೀರನ್ನೂ ಪರೀಕ್ಷೆಗೆ ಕೊಡಿ.