ಹಳೆ ಮನೆಯ ಅಂಗಳ: ಮೊದಲು ನೀರಿಗೆ ದಾರಿ, ಆಮೇಲೆ ಸಿಮೆಂಟು

ಅಂಗಳದಲ್ಲಿ ನೀರು ನಿಂತರೆ ನಮಗೆ ಮೊದಲು ನೆನಪಾಗುವುದು ಸಿಮೆಂಟು. ನೀರು ಎಲ್ಲಿಂದ ಬರುತ್ತದೆಂದು ನೋಡದೆ ಸಿಮೆಂಟು ಹಾಕಿದರೆ ದುಡ್ಡು ಹೋಗುತ್ತದೆ, ಶೀತ ಹೋಗುವುದಿಲ್ಲ.

ನಮ್ಮ ದಕ್ಷಿಣ ಕನ್ನಡದ ಹಳೆ ಮನೆಗಳು ಹೆಚ್ಚಾಗಿ ಗುಡ್ಡದ ಬದಿ ಕಡಿದು ಮಟ್ಟ ಮಾಡಿದ ಜಾಗದಲ್ಲಿವೆ. ಹಿಂದೆ ಬರೆ, ಎದುರು ಅಂಗಳ, ಕೆಳಗೆ ತೋಟ. ನಮ್ಮದೂ ಹಾಗೆಯೇ, ಮಣ್ಣಿನ ಗೋಡೆ. ಇಂಥ ಗೋಡೆಯ ಬುಡ ನೆನೆದು ಮೆತ್ತಗಾದರೆ ಮೇಲಿನ ಭಾರ ತಾಳುವುದಿಲ್ಲ. ಇದು ಬರೇ ಕೆಸರಿನ ಪ್ರಶ್ನೆಯಲ್ಲ, ಮನೆ ಉಳಿಯುವ ಪ್ರಶ್ನೆ.

ಎಲ್ಲಿಯ ನೀರು?

ಜೋರು ಮಳೆ ಬರುವಾಗ ಕೊಡೆ ಹಿಡಿದು ಮನೆಗೆ ಒಂದು ಸುತ್ತು ಬನ್ನಿ. ಮಳೆ ನಿಂತು ಎರಡು ಗಂಟೆ ಬಿಟ್ಟು ಇನ್ನೊಮ್ಮೆ ನೋಡಿ. ಆಗಲೂ ಬರೆಯ ಬುಡದಲ್ಲಿ ನೀರು ಜಿನುಗುತ್ತಿದ್ದರೆ ಅದು ಒರತೆ. ಅಂಗಳಕ್ಕೆ ಸಿಮೆಂಟು ಹಾಕಿದರೆ ಅದು ನಿಲ್ಲದು.

ಮಾಡಿನ ನೀರೂ ಕಮ್ಮಿಯೇನಲ್ಲ. ಒಂದು ಚದರ ಮೀಟರಿಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್. 1000 ಚದರಡಿ ಮಾಡಿಗೆ 100 ಮಿ.ಮೀ. ಮಳೆ ಬಿದ್ದ ದಿನ ಸುಮಾರು 9300 ಲೀಟರ್ ಗೋಡೆಯ ಪಕ್ಕವೇ ಸುರಿಯುತ್ತದೆ!

ಮೂರನೆಯದು ಅಂಗಳದ್ದೇ ನೀರು. ಅಡಿಕೆ ಒಣಗಿಸಲೆಂದು ವರ್ಷಾವರ್ಷ ಮಣ್ಣು ಹಾಕಿ ಬಡಿದು ಬಡಿದು ಅಂಗಳ ಏರಿರುತ್ತದೆ, ಮನೆಯ ಪಂಚಾಂಗ ಇದ್ದಲ್ಲೇ ಇರುತ್ತದೆ. ಕೊನೆಗೆ ನೀರು ಮನೆಯತ್ತಲೇ ಹರಿಯುತ್ತದೆ.

ಕೆಲಸದ ಕ್ರಮ

ಮೇಲಿನಿಂದ ಕೆಳಕ್ಕೆ ಬನ್ನಿ. ಗುಡ್ಡದ ನೀರು ಬರೆಗೆ ಇಳಿಯುವ ಮೊದಲೇ, ಬರೆಯ ಅಂಚಿನಿಂದ ಸಾಕಷ್ಟು ಹಿಂದೆ ಕಣಿ ತೆಗೆದು ಬದಿಗೆ ತಿರುಗಿಸಿ. ಈ ಕಣಿಯಲ್ಲಿ ನೀರು ನಿಲ್ಲಬಾರದು. ಬರೆಯ ಮೇಲೆ ಇಂಗುಗುಂಡಿ ಬೇಡವೇ ಬೇಡ, ನೆನೆದ ಬರೆ ಜರಿದೀತು. ಅದೇ ಕಾರಣಕ್ಕೆ ಬರೆಯ ಬುಡವನ್ನು ಅಗೆಯಲೂ ಬಾರದು.

ಮಾಡಿನ ನೀರಿಗೆ ದಂಬೆಯೋ ಪಿ.ವಿ.ಸಿ. ಪೈಪೋ ಕಟ್ಟಿ ದೂರ ಬಿಡಿ. ಅಡಿಕೆ ಮರದ ದಂಬೆ ಅಗ್ಗ, ಆದರೆ ಬಾಳಿಕೆ ಕಡಿಮೆ.

ಆಮೇಲೆ ಅಂಗಳ. ಗೋಡೆಯ ಬುಡದಿಂದ 10 ಅಡಿ ದೂರಕ್ಕೆ 6 ಇಂಚು ಇಳಿಜಾರು ಸಿಕ್ಕಿದರೆ ಒಳ್ಳೆಯದು. ಏರಿದ ಮಣ್ಣನ್ನು ಕೆರೆದು ತೋಟಕ್ಕೆ ಹಾಕಿ, ಗೋಡೆಗೆ ತಾಗಿಸಿ ರಾಶಿ ಹಾಕಬೇಡಿ. ಕಣಿಯನ್ನು ಪಂಚಾಂಗಕ್ಕೆ ತಾಗಿ ತೋಡದೆ ಮೂರಡಿಯಾದರೂ ಬಿಡಿ. ಕಣಿಗೆ 10 ಅಡಿಗೆ ಒಂದೂಕಾಲು ಇಂಚು ಇಳಿಜಾರು ಸಾಕು. ಕಣ್ಣಂದಾಜು ಬೇಡ. ಪಾರದರ್ಶಕ ಪೈಪಿಗೆ ನೀರು ತುಂಬಿ ಮಟ್ಟ ನೋಡಿದರೆ ಆಯಿತು.

ಕಣಿ ಎಲ್ಲಿ ಕೊನೆಯಾಗುತ್ತದೆ ಎನ್ನುವುದನ್ನು ಅಗೆಯುವ ಮೊದಲೇ ತೀರ್ಮಾನಿಸಿ. ಹಟ್ಟಿಯ ನೀರು ಸೇರಿದ್ದರೆ ಬಾವಿಯ ಹತ್ತಿರ ಹೋಗಬಾರದು, ನೆರೆಯವರ ಜಾಗಕ್ಕೂ ಬೀಳಬಾರದು. ತೋಟದ ಕಣಿಗೆ ಸೇರಿಸುವುದಾದರೆ ಬೀಳುವಲ್ಲಿ ಕಲ್ಲು ಹಾಸಿ, ಇಲ್ಲದಿದ್ದರೆ ಮಣ್ಣು ಕೊರೆದು ಹೋಗುತ್ತದೆ.

ಇಷ್ಟು ಮಾಡಿ ಒಂದು ಮಳೆಗಾಲ ನೋಡಿ. ಸಿಮೆಂಟು ಬೇಕೇ, ಬೇಕಿದ್ದರೆ ಎಲ್ಲಿಗೆ ಮಾತ್ರ ಸಾಕು ಎಂಬುದು ಆಗ ನಿಮಗೇ ಗೊತ್ತಾಗುತ್ತದೆ. ಮೇ ತಿಂಗಳಲ್ಲಿ ಕಣಿಯ ದರಗು ತೆಗೆಯುವುದನ್ನು ಮಾತ್ರ ಮರೆಯಬಾರದು.