ತಲೆಬುಡವಿಲ್ಲದ ಮಾತಿಗೂ ಶಾಸ್ತ್ರವಿದೆ!

ಬಿಳಿಗೆರೆಯಲ್ಲಿ ಬಸ್ಸಿಗೆ ಕಾಯುತ್ತಾ ನಿಂತಿದ್ದೀರಿ. ಪಕ್ಕದವರು ‘ಕೊಬ್ಬರಿ, ಎಮ್ಮೆ, ತಿಪಟೂರು, ಚಾಪೆ’ ಎಂದು ಹೇಳಿ ಸುಮ್ಮನಾದರು ಎನ್ನಿ. ಒಂದೊಂದು ಪದವೂ ಗೊತ್ತು. ಒಟ್ಟಿನಲ್ಲಿ ಏನೂ ಇಲ್ಲ! ಇಂಥದ್ದೇ ಉದಾಹರಣೆಯನ್ನು ವ್ಯಾಕರಣ ಪಂಡಿತ ಪತಂಜಲಿ ಎರಡು ಸಾವಿರ ವರ್ಷಗಳ ಹಿಂದೆಯೇ ಕೊಟ್ಟಿದ್ದರು. ದಾಳಿಂಬೆ, ಕಜ್ಜಾಯ, ಆಡಿನ ಚರ್ಮ, ಎಲ್ಲವನ್ನೂ ಒಂದೇ ಉಸಿರಿಗೆ ಸುರಿದಿದ್ದರು!

ಮಾತಿಗೆ ಅರ್ಥ ಕೂಡಲು ಮೂರು ಬೇಕಂತೆ: ಆಕಾಂಕ್ಷೆ, ಯೋಗ್ಯತೆ, ಸನ್ನಿಧಿ. ಮೇಲಿನ ಪದಗಳಿಗೆ ಒಂದನ್ನೊಂದು ಬೇಡುವ ಆಕಾಂಕ್ಷೆಯೇ ಇಲ್ಲ. ‘ತೋಟವನ್ನು ಬೆಂಕಿಯಿಂದ ನೆನೆಸು’ ಎನ್ನಿ. ವ್ಯಾಕರಣ ಸರಿಯಿದೆ, ಆದರೆ ಬೆಂಕಿಗೆ ನೆನೆಸುವ ಯೋಗ್ಯತೆಯೇ ಇಲ್ಲ! ಬೆಳಗ್ಗೆ ‘ಕಾಯಿ’ ಎಂದು, ಸಂಜೆ ‘ಕೆಡವು’ ಎಂದರೆ? ಸನ್ನಿಧಿ ತಪ್ಪಿತು. ಮರ ಹತ್ತುವವರು ಅಷ್ಟರಲ್ಲಿ ಮನೆಗೆ ಹೋಗಿರುತ್ತಾರೆ!

ವಾದದಲ್ಲಿ ಸೋಲಲು 22 ದಾರಿಗಳಿವೆ ಎನ್ನುತ್ತದೆ ತರ್ಕಶಾಸ್ತ್ರದ ಗ್ರಂಥ ‘ನ್ಯಾಯಸೂತ್ರ’. ಅಸಂಬದ್ಧ ಮಾತು ಅದರಲ್ಲೊಂದು. ಮೂರು ಸಲ ಹೇಳಿದರೂ ಸಭೆಗೂ ಎದುರಾಳಿಗೂ ತಿಳಿಯಲಿಲ್ಲವೇ? ಆಗಲೂ ನೀವು ಸೋತಂತೆಯೇ!

ಕಾವ್ಯದಲ್ಲೂ ಅಸಂಬದ್ಧ ಮಾತು ದೋಷ. ಹೆಸರು ‘ಅಪಾರ್ಥ’. ಆದರೆ ದಂಡಿ ಎಂಬ ಸಂಸ್ಕೃತ ಪಂಡಿತ ಮೂವರಿಗೆ ವಿನಾಯಿತಿ ಕೊಟ್ಟಿದ್ದಾನೆ. ಹುಚ್ಚರು, ಕುಡಿದವರು, ಮಕ್ಕಳು! ಕವಿತೆಯಲ್ಲಿ ಇವರು ಹೇಗೆ ಮಾತಾಡಿದರೂ ತಪ್ಪಿಲ್ಲ. ಎಂಥ ದೊಡ್ಡ ಮನಸ್ಸು! ನಮ್ಮ ‘ಕವಿರಾಜಮಾರ್ಗ’ಕ್ಕೆ ಆಧಾರವೂ ಇದೇ ದಂಡಿಯ ‘ಕಾವ್ಯಾದರ್ಶ’.

ಕಾವ್ಯದ ಈ ಶಾಸ್ತ್ರವನ್ನು ಕನ್ನಡದಲ್ಲಿ ತಿಳಿಯಾಗಿ ಓದಬೇಕೇ? ತೀ.ನಂ. ಶ್ರೀಕಂಠಯ್ಯನವರ ‘ಭಾರತೀಯ ಕಾವ್ಯಮೀಮಾಂಸೆ’ ಇದೆ. ಅವರ ಊರು ತೀರ್ಥಪುರ. ಹೌದು, ತಿಪಟೂರಿನ ಪಕ್ಕದ ಚಿಕ್ಕನಾಯಕನಹಳ್ಳಿ ತಾಲ್ಲೂಕೇ!

ಅಸಂಬದ್ಧವೆಂದು ಕಂಡದ್ದೆಲ್ಲ ಅಸಂಬದ್ಧವಲ್ಲ. ಅಲ್ಲಮಪ್ರಭುವಿನ ಬೆಡಗಿನ ವಚನ ಓದಿ, ಮೊದಲ ಓದಿಗೆ ತಲೆ ತಿರುಗುತ್ತದೆ. ಬಿಡಿಸಿದರೆ ಒಳಗೆ ಗಟ್ಟಿ ತಿರುಳು! ಅದೇ ಅಲ್ಲಮನನ್ನು ನಡುವೆ ನಿಲ್ಲಿಸಿ ‘ಶೂನ್ಯಸಂಪಾದನೆ’ ಕಟ್ಟಿದವರಲ್ಲಿ ತುಮಕೂರು ಪಕ್ಕದ ಗೂಳೂರಿನ ಸಿದ್ಧವೀರಣ್ಣೊಡೆಯರೂ ಒಬ್ಬರು.

ಇನ್ನೊಂದು ಕೇಳಿ. 1874ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವೆರ್ನಿಕೆ ಒಂದು ವಿಚಿತ್ರ ಕಾಯಿಲೆಯನ್ನು ವಿವರಿಸಿದ. ಸಾಮಾನ್ಯವಾಗಿ ಮಿದುಳಿನ ಎಡಭಾಗದ ಒಂದು ಜಾಗಕ್ಕೆ ಪೆಟ್ಟಾದಾಗ ಇದು ಬರುತ್ತದೆ. ಮಾತು ಸರಾಗ, ರಾಗವೂ ಸರಿ, ಅರ್ಥ ಮಾತ್ರ ನಾಪತ್ತೆ! ತಾವು ತಪ್ಪಾಗಿ ಮಾತಾಡುತ್ತಿದ್ದೇವೆಂದು ಎಷ್ಟೋ ಸಲ ಆಡುವವರಿಗೇ ತಿಳಿಯುವುದಿಲ್ಲ.

ಅದಕ್ಕೇ ಹೇಳುವುದು, ಮನೆಯ ಹಿರಿಯರು ಇದ್ದಕ್ಕಿದ್ದಂತೆ ಸಂಬಂಧವಿಲ್ಲದೆ ಮಾತಾಡತೊಡಗಿದರೆ ‘ವಯಸ್ಸಾಯ್ತು, ಅರಳುಮರಳು’ ಎಂದು ಸುಮ್ಮನಾಗಬೇಡಿ. ಮಿದುಳಿನ ಆ ಜಾಗಕ್ಕೆ ಪೆಟ್ಟು ಕೊಡುವ ಪಾರ್ಶ್ವವಾಯು ಇರಬಹುದು. ಬೆಳಗಾಗಲಿ ಎಂದು ಕಾಯದೆ ಕೂಡಲೇ 108ಕ್ಕೆ ಕರೆ ಮಾಡಿ!