ಮೇಲಿನ ಮೆಟ್ಟಿಲನ್ನೇ ಮೊದಲು ಕಟ್ಟಿದೆವು

ಬಡವರ ಮಕ್ಕಳು ಓದಿ ಮುಂದೆ ಬಂದದ್ದನ್ನು ನಾವು ಶಾಲೆಗಳ ಕಥೆಯಾಗಿ ಹೇಳಿಕೊಂಡು ಬಂದಿದ್ದೇವೆ. ಕರ್ನಾಟಕದ ಮಟ್ಟಿಗೆ ಅದು ಊಟದ ಪಂಕ್ತಿಗಳ ಕಥೆಯೂ ಹೌದು. 1892ರಲ್ಲಿ ಕುದ್ಮುಲ್ ರಂಗರಾಯರು ಮಂಗಳೂರಿನಲ್ಲಿ ದಲಿತ ಮಕ್ಕಳಿಗೆಂದು ಶಾಲೆ ತೆರೆದಾಗ ಸ್ವಂತ ಸಾರಸ್ವತ ಸಮಾಜವೇ ಅವರಿಗೆ ಬಹಿಷ್ಕಾರ ಹಾಕಿತು. ಅದನ್ನಾದರೂ ಅವರು ಸಹಿಸಿಕೊಂಡಾರು. ಮಕ್ಕಳನ್ನು ಶಾಲೆಯಲ್ಲಿ ಕೂರಿಸುವುದು ಅದಕ್ಕಿಂತ ಕಷ್ಟದ ಕೆಲಸ. ದುಡಿಯಬೇಕಾದ ಮಗು ಸ್ಲೇಟು ಹಿಡಿದು ಕೂತರೆ ಮನೆಯ ಅಂದಿನ ಗಂಜಿಗೇ ಕುತ್ತು. ಹಾಗಾಗಿ ರಂಗರಾಯರು ಮಧ್ಯಾಹ್ನದ ಊಟ ಹಾಕಿಸಿದರು, ಬಂದವರಿಗೆ ಪುಡಿಗಾಸನ್ನೂ ಕೊಟ್ಟರು. 1897ರಲ್ಲಿ ಡಿಪ್ರೆಸ್ಡ್ ಕ್ಲಾಸಸ್ ಮಿಷನ್ ಕಟ್ಟಿದ ಮೇಲೆ ಈ ಕೆಲಸ ಇನ್ನಷ್ಟು ಹಬ್ಬಿತು. ಶಾಲೆಗಳಲ್ಲಿ ಬೇಯಿಸಿದ ಊಟ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 2001ರಲ್ಲಿ ಹೇಳಿ, ಮರುವರ್ಷ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಅಕ್ಷರ ದಾಸೋಹವೆಂಬ ಬಿಸಿಯೂಟ ಯೋಜನೆ ಶುರುವಾಗುವ ಹೊತ್ತಿಗೆ, ಊಟವಿದ್ದರೆ ಮಗು ಶಾಲೆಯಲ್ಲಿ ಉಳಿಯುತ್ತದೆ ಎಂಬ ತಿಳಿವಳಿಕೆಗೆ ನೂರು ವರ್ಷ ದಾಟಿತ್ತು.

ಹಳ್ಳಿಯ ಹುಡುಗ ಹೈಸ್ಕೂಲು ಮುಗಿಸಬೇಕಾದರೆ ಪಟ್ಟಣದಲ್ಲಿ ಇರುವುದೆಲ್ಲಿ, ಉಣ್ಣುವುದೆಲ್ಲಿ ಎಂಬುದು ಮುಂದಿನ ತೊಡಕು. ಬಡ ಬ್ರಾಹ್ಮಣ ಹುಡುಗರಿಗೆ ವಾರಾನ್ನದ ಆಸರೆ ಇತ್ತು. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ. ಯಾವುದಾದರೂ ವಾರ ತಪ್ಪಿತೋ, ಅಂದು ತಣ್ಣೀರೇ ಗತಿ. ಆದರೆ ಆ ಅಡುಗೆಮನೆಗಳ ಹೊಸ್ತಿಲು ಮಿಕ್ಕವರಿಗೆ ತೆರೆದಿರಲಿಲ್ಲ. ಧಾರವಾಡದಲ್ಲಿ 1883ರಲ್ಲಿ ಅರಟಾಳ ರುದ್ರಗೌಡರೂ ಗಿಲಗಂಚಿ ಗುರುಸಿದ್ಧಪ್ಪನವರೂ ಲಿಂಗಾಯತ ಮಕ್ಕಳ ಓದಿಗೆ ನಿಧಿ ಕೂಡಿಸಿದ್ದು, 1906ರಲ್ಲಿ ಬೆಂಗಳೂರಿನಲ್ಲಿ ಒಕ್ಕಲಿಗರ ಸಂಘ ಹುಟ್ಟಿದ್ದು ಈ ಹಿನ್ನೆಲೆಯಲ್ಲಿ. ಧಾರವಾಡದ ಮುರುಘಾಮಠದ ಮೃತ್ಯುಂಜಯ ಸ್ವಾಮಿಗಳು ಉಚಿತ ಪ್ರಸಾದ ನಿಲಯ ತೆರೆದರು. 1941ರಲ್ಲಿ ಶಿವಕುಮಾರ ಸ್ವಾಮಿಗಳು ಹೊಣೆ ಹೊತ್ತ ತುಮಕೂರಿನ ಸಿದ್ಧಗಂಗಾ ಮಠದಲ್ಲಿ ಕ್ರಮೇಣ ಸುಮಾರು 10,000 ಮಕ್ಕಳು ಉಂಡು, ಮಲಗಿ, ಓದುವಂತಾಯಿತು. ಈ ಎಲ್ಲ ಕಡೆಯೂ ಪಾಠ ಹೇಳುವ ವಿಧಾನದಲ್ಲಿ ಅಂಥ ಹೊಸತೇನೂ ಇರಲಿಲ್ಲ. ಪರೀಕ್ಷೆಯವರೆಗೂ ಹುಡುಗ ಊರಿಗೆ ವಾಪಸಾಗದಂತೆ ನೋಡಿಕೊಂಡದ್ದೇ ಹೊಸತು.

ಇದರಿಂದ ಜಾತಿ ಗಟ್ಟಿಯಾಯಿತಲ್ಲವೇ ಎಂಬ ಆಕ್ಷೇಪವಿದೆ, ಅದು ಸುಳ್ಳಲ್ಲ. ಹಲವು ವಿದ್ಯಾರ್ಥಿನಿಲಯಗಳು ಮುಂದೆ ಚುನಾವಣಾ ರಾಜಕೀಯದ ತರಬೇತಿ ಕೇಂದ್ರಗಳೂ ಆದವು. ಆದರೆ ಎಲ್ಲರಿಗೂ ಸೇರಿದ ಒಂದು ವ್ಯವಸ್ಥೆ ಇದ್ದು ಅದನ್ನು ಒಡೆದು ಇವು ಹುಟ್ಟಿದವೆಂದು ಹೇಳುವಂತಿಲ್ಲ. ಅಂಥದ್ದು ಆಗ ಇರಲೇ ಇಲ್ಲ. ಸಿದ್ಧಗಂಗೆಯಂಥ ಕಡೆ ಬಾಗಿಲು ಎಲ್ಲ ಜಾತಿಗಳಿಗೂ ತೆರೆಯಿತು. ನನ್ನ ತಕರಾರು ಬೇರೆ. ಈ ನಿಲಯಗಳು ಬಹುಪಾಲು ಗಂಡುಮಕ್ಕಳವು. ಹುಬ್ಬಳ್ಳಿಯಲ್ಲಿ ಸರ್ದಾರ್ ವೀರನಗೌಡ ಪಾಟೀಲರೂ ನಾಗಮ್ಮನವರೂ ನಡೆಸಿದ ಹರಿಜನ ಬಾಲಿಕಾಶ್ರಮದಂಥವು ಕೈಬೆರಳೆಣಿಕೆಯವು. ಎರಡನೆಯದಾಗಿ, ಸಮುದಾಯಗಳ ಕಣ್ಣೆಲ್ಲ ಸರ್ಕಾರಿ ನೌಕರಿಯ ಮೇಲಿತ್ತು. 1917ರಲ್ಲಿ ಬ್ರಾಹ್ಮಣೇತರರ ಪ್ರಜಾಮಿತ್ರ ಮಂಡಳಿ ಹುಟ್ಟಿ, 1918ರಲ್ಲಿ ಮೈಸೂರು ಸಂಸ್ಥಾನ ನೌಕರಿಯಲ್ಲಿ ಹಿಂದುಳಿದವರ ಪಾಲಿನ ಬಗ್ಗೆ ಮಿಲ್ಲರ್ ಸಮಿತಿ ನೇಮಿಸಿದ ಕಾಲ ಅದು. ನೌಕರಿಯಲ್ಲಿ ಪಾಲು ಕೇಳಲು ಪಾಸಾದವರು ಬೇಕು, ಪಾಸಾಗಲು ಹಾಸ್ಟೆಲು ಬೇಕು. ಹೀಗೆ ಮೇಲಿನ ಮೆಟ್ಟಿಲುಗಳು ಮೊದಲು ಎದ್ದವು. ಮೂರರಿಂದ ಆರು ವರ್ಷದ ಮಗುವಿನ ಕಡೆಗೆ ಯಾವ ಸಂಘವೂ ಅದೇ ಹುರುಪಿನಿಂದ ತಿರುಗಲಿಲ್ಲ.

ಆ ವಯಸ್ಸಿಗೆ ಅಷ್ಟು ಮಹತ್ವ ಏಕೆಂದು ಕೇಳಬಹುದು. ಅಮೆರಿಕದ ಮಿಷಿಗನ್‌ನ ಇಪ್ಸಿಲ್ಯಾಂಟಿಯಲ್ಲಿ 1962ರಲ್ಲಿ ಶುರುವಾದ ಪೆರ್ರಿ ಶಿಶುವಿಹಾರದ ಪ್ರಯೋಗ ಇದಕ್ಕೊಂದು ಉತ್ತರ. 123 ಬಡ ಕಪ್ಪು ಮಕ್ಕಳಲ್ಲಿ 58 ಮಂದಿಗೆ ಮಾತ್ರ ಒಳ್ಳೆಯ ಶಿಶುಶಿಕ್ಷಣ ಕೊಟ್ಟು, ನಲವತ್ತು ದಾಟುವವರೆಗೂ ಎರಡೂ ಗುಂಪುಗಳನ್ನು ಗಮನಿಸಿದರು. ಶಿಶುವಿಹಾರಕ್ಕೆ ಹೋದವರಲ್ಲಿ ಶೇ 77ರಷ್ಟು ಮಂದಿ ಹೈಸ್ಕೂಲು ಮಟ್ಟ ಮುಗಿಸಿದ್ದರೆ, ಉಳಿದವರಲ್ಲಿ ಶೇ 60ರಷ್ಟು ಮಂದಿ. ಚಿಕ್ಕ ಪ್ರಯೋಗ, ಪರದೇಶದ್ದು, ಅಲ್ಲಿನ ಶಿಕ್ಷಕರು ವಾರಕ್ಕೊಮ್ಮೆ ಮನೆಗೂ ಹೋಗುತ್ತಿದ್ದರು ಎಂದು ತಳ್ಳಿಹಾಕಬಹುದು. ಆದರೆ ಮನೆಯಲ್ಲಿ ಪುಸ್ತಕವಿಲ್ಲದ ಮಗು ಒಂದನೇ ಕ್ಲಾಸಿಗೆ ಬಂದು ಕೂತಾಗ ಎದುರಾಗುವ ತೊಡಕುಗಳು ಇಲ್ಲಿಯವೂ ಹೌದು: ಬಳಪ ಹಿಡಿಯಲು ಬೆರಳು ಬಗ್ಗದು, ಕಥೆ ಮುಗಿಯುವ ತನಕ ಕೂರಲಾಗದು, ಮನೆಯ ಮಾತು ಪುಸ್ತಕದ ಮಾತಿಗೆ ಹೊಂದದು. ಅಂದು ಹಿಂದೆ ಬಿದ್ದದ್ದು ಎಂಟನೇ ಕ್ಲಾಸಿನಲ್ಲಿ ಗೈರುಹಾಜರಿಯಾಗಿ ಬಯಲಾಗುತ್ತದೆ.

ಚಿಕ್ಕವರ ಹೊಣೆ ಕೊನೆಗೆ ಅಂಗನವಾಡಿಗೆ ಬಂತು. 1975ರ ಅಕ್ಟೋಬರ್ 2ರಂದು ಟಿ. ನರಸೀಪುರ ತಾಲ್ಲೂಕಿನಿಂದ ರಾಜ್ಯದಲ್ಲಿ ಶುರುವಾದ ಯೋಜನೆ ಇಂದು ಹೆಚ್ಚುಕಡಿಮೆ ಪ್ರತಿ ಊರಲ್ಲೂ ಇದೆ. ಆದರೆ ಒಬ್ಬ ಕಾರ್ಯಕರ್ತೆ ತೂಕ ನೋಡಬೇಕು, ಆಹಾರದ ಲೆಕ್ಕ ಬರೆಯಬೇಕು, ಗರ್ಭಿಣಿಯರ ಪಟ್ಟಿ ಇಡಬೇಕು, ಸಮೀಕ್ಷೆಗೆ ಓಡಬೇಕು. ಹಾಡು ಕಥೆಗೆ ಉಳಿಯುವ ಹೊತ್ತೆಷ್ಟು? ಸರ್ಕಾರಿ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ತೆರೆಯುವುದರ ವಿರುದ್ಧ 2024ರಲ್ಲಿ ಕಾರ್ಯಕರ್ತೆಯರು ಬೀದಿಗಿಳಿದಾಗ ಚರ್ಚೆಯೆಲ್ಲ ಇಲಾಖೆಗಳ ನಡುವೆಯೇ ಸುತ್ತಿತು. ನೂರು ವರ್ಷ ಹಾಸ್ಟೆಲು ಕಟ್ಟಿದ ಸಮುದಾಯಗಳು ದೂರ ನಿಂತವು.

ಇದು ಸರ್ಕಾರದ ಕೆಲಸ, ಮಠಕ್ಕೂ ಸಂಘಕ್ಕೂ ಏನು ಸಂಬಂಧ ಎನ್ನುವವರ ಮಾತಿನಲ್ಲಿ ನ್ಯಾಯವಿದೆ. ಸಂಬಳ, ಕಟ್ಟಡ, ಎರಡನೆಯ ಶಿಕ್ಷಕಿ, ಇವನ್ನು ದಾನಿಗಳ ಮರ್ಜಿಗೆ ಬಿಡಲಾಗದು. ಆದರೆ ಸರ್ಕಾರವೂ ಬಡಮಕ್ಕಳ ಹಾಸ್ಟೆಲನ್ನಾಗಲಿ ಬಿಸಿಯೂಟವನ್ನಾಗಲಿ ತಾನಾಗಿ ಕಂಡುಹಿಡಿದದ್ದಲ್ಲ. ಬೇರೆಯವರು ಮಾಡಿ ತೋರಿಸಿದ್ದನ್ನು, ಒತ್ತಡ ಬಂದ ಮೇಲೆ, ದೊಡ್ಡದು ಮಾಡಿತು. ಅಂಗನವಾಡಿಯ ಬಾಲವಿಕಾಸ ಸಮಿತಿಗಳಲ್ಲಿ ಊರಿನ ಜನರಿಗೆ ಜಾಗವಿದೆ. ಶಾಲೆಗಳ ಅಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ (ಎಸ್‌ಡಿಎಂಸಿ) ಕೂಡ 2001ರಿಂದ ಇದೆ. ಹೈಸ್ಕೂಲಿನ ಶತಮಾನೋತ್ಸವಕ್ಕೆ ದುಡ್ಡು ಎತ್ತುವ ಹಳೆಯ ವಿದ್ಯಾರ್ಥಿ ಸಂಘಗಳು ಈ ಸಮಿತಿಗಳ ಸಭೆಗೆ ಬಂದು, ಮಕ್ಕಳಿಗೆ ದಿನಕ್ಕೆ ಎಷ್ಟು ಹೊತ್ತು ಕಲಿಸಲಾಗುತ್ತಿದೆ ಎಂದು ಕೇಳಲು ಯಾವ ಆದೇಶವೂ ಬೇಕಿಲ್ಲ.